ಪ್ರಾಥಮಿಕ ಶಿಕ್ಷಕರ ಗಣಿತ ಬೋಧನಾ ಜ್ಞಾನ

ಗಣಿತ ಬೋಧನಾ ಜ್ಞಾನ ಎಂಬುದು ಶಾಲೆಯಲ್ಲಿ ಗಣಿತ ಕಲಿಸುವವರಿಗೆ, ಸ್ವತಃ ಲೆಕ್ಕ ಮಾಡುವ ಸಾಮರ್ಥ್ಯದ ಜೊತೆಗೆ, ಅವಶ್ಯವಾಗಿ ಬೇಕಾಗುವ ವಿಶೇಷ ತಿಳಿವಳಿಕೆಯನ್ನು ಸೂಚಿಸುವ ಶಿಕ್ಷಣಶಾಸ್ತ್ರದ ಪರಿಕಲ್ಪನೆ. ಮಗುವಿನ ತಪ್ಪು ಉತ್ತರದ ಹಿಂದಿರುವ ತರ್ಕವನ್ನು ಗುರುತಿಸುವುದು, ಪಠ್ಯಪುಸ್ತಕದಲ್ಲಿಲ್ಲದ ಕ್ರಮದಿಂದ ಬಂದ ಸರಿ ಉತ್ತರವು ಎಲ್ಲ ಸಂದರ್ಭಗಳಲ್ಲೂ ಸರಿಯಾಗುವುದೇ ಎಂದು ನಿರ್ಧರಿಸುವುದು, ಒಂದು ನಿಯಮವನ್ನು ಏಕೆ ಒಪ್ಪಬೇಕು ಎಂಬುದನ್ನು ಎಂಟು ವರ್ಷದ ಮಗುವಿಗೆ ತಿಳಿಯುವಂತೆ ತೋರಿಸುವುದು ಇವೆಲ್ಲ ಈ ಜ್ಞಾನದ ಭಾಗಗಳು. ಪ್ರಾಥಮಿಕ ಹಂತದಲ್ಲಿ ಒಬ್ಬರೇ ಶಿಕ್ಷಕರು ಹಲವು ವಿಷಯಗಳನ್ನು ಬೋಧಿಸುವುದರಿಂದಲೂ, ಅವರಲ್ಲಿ ಅನೇಕರು ಎಸ್.ಎಸ್.ಎಲ್.ಸಿ. ನಂತರ ಗಣಿತವನ್ನು ಓದಿರದ ಕಲಾ ವಿಭಾಗದವರಾಗಿರುವುದರಿಂದಲೂ ಈ ಪರಿಕಲ್ಪನೆಗೆ ಕರ್ನಾಟಕದಲ್ಲಿ ವಿಶೇಷ ಪ್ರಸ್ತುತತೆ ಇದೆ. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಬಹುಭಾಷಿಕ ತರಗತಿಗಳಲ್ಲಿ ಇದರ ಅಗತ್ಯ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಹಿನ್ನೆಲೆ

"ಹೆಚ್ಚು ಗಣಿತ ಓದಿದವರು ಚೆನ್ನಾಗಿ ಗಣಿತ ಕಲಿಸುತ್ತಾರೆ" ಎಂಬುದು ಬಹುಕಾಲದ ನಂಬಿಕೆ. ಅಮೆರಿಕದ ಗಣಿತ ಶಿಕ್ಷಣತಜ್ಞ ಇ. ಜಿ. ಬೆಗಲ್ ಅವರು ಅಲ್ಲಿಯವರೆಗಿನ ಅಧ್ಯಯನಗಳನ್ನು ಪರಿಶೀಲಿಸಿ ಬರೆದ, 1979ರಲ್ಲಿ ಪ್ರಕಟವಾದ ಕೃತಿಯು ಈ ನಂಬಿಕೆಯನ್ನು ಅಲುಗಾಡಿಸಿತು. ಶಿಕ್ಷಕರು ಕಾಲೇಜಿನಲ್ಲಿ ಓದಿದ ಉನ್ನತ ಗಣಿತದ ಪತ್ರಿಕೆಗಳ ಸಂಖ್ಯೆಗೂ ಅವರ ವಿದ್ಯಾರ್ಥಿಗಳ ಕಲಿಕೆಗೂ ಗಮನಾರ್ಹ ಸಂಬಂಧ ಕಂಡುಬರಲಿಲ್ಲ. ಇದರಿಂದ ಶಿಕ್ಷಕರಿಗೆ ವಿಷಯಜ್ಞಾನವೇ ಬೇಡವೆಂದು ತೀರ್ಮಾನಿಸಿದವರೂ ಇದ್ದರು. ಆದರೆ ಎಂಥ ವಿಷಯಜ್ಞಾನ ಎಂಬ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಆ ಪ್ರಶ್ನೆಯನ್ನು ಮುಂದಿಟ್ಟವರು ಲೀ ಶುಲ್ಮನ್. 1986ರ ತಮ್ಮ ಪ್ರಸಿದ್ಧ ಲೇಖನದಲ್ಲಿ ಅವರು ವಿಷಯವನ್ನು ಬಲ್ಲವನ ಜ್ಞಾನಕ್ಕೂ ಅದನ್ನು ಬೋಧಿಸುವವನ ಜ್ಞಾನಕ್ಕೂ ಇರುವ ವ್ಯತ್ಯಾಸವನ್ನು ಗುರುತಿಸಿ, ವಿಷಯವೂ ಬೋಧನಾಕ್ರಮವೂ ಬೆಸೆದುಕೊಂಡ ಒಂದು ಪ್ರತ್ಯೇಕ ಜ್ಞಾನವಿದೆ ಎಂದು ವಾದಿಸಿದರು. ಮಿಷಿಗನ್ ವಿಶ್ವವಿದ್ಯಾಲಯದ ಡೆಬೊರಾ ಬಾಲ್ ಮತ್ತು ಸಂಗಡಿಗರು ಇದನ್ನು ಪ್ರಾಥಮಿಕ ಗಣಿತಕ್ಕೆ ಅನ್ವಯಿಸಿದರು. ಸ್ವತಃ ಪ್ರಾಥಮಿಕ ಶಾಲಾ ಶಿಕ್ಷಕಿಯಾಗಿದ್ದ ಬಾಲ್ ಅವರ ಕ್ರಮ ಸರಳವಾದುದು: ಶಿಕ್ಷಕರು ಏನು ತಿಳಿದಿರಬೇಕೆಂದು ಪಟ್ಟಿಮಾಡುವ ಬದಲು, ತರಗತಿಯಲ್ಲಿ ಅವರು ದಿನವೂ ಮಾಡುವ ಕೆಲಸವನ್ನು ಗಮನಿಸಿ, ಆ ಕೆಲಸಕ್ಕೆ ಯಾವ ಗಣಿತ ಬೇಕಾಯಿತು ಎಂದು ಕೇಳುವುದು. ಹೆದರ್ ಹಿಲ್, ಬ್ರಯನ್ ರೋವನ್ ಮತ್ತು ಬಾಲ್ 2005ರಲ್ಲಿ ಪ್ರಕಟಿಸಿದ ಅಧ್ಯಯನವು 115 ಪ್ರಾಥಮಿಕ ಶಾಲೆಗಳ ಒಂದು ಮತ್ತು ಮೂರನೆಯ ತರಗತಿಗಳನ್ನು ಒಳಗೊಂಡಿತ್ತು. ಈ ಬಗೆಯ ಜ್ಞಾನ ಹೆಚ್ಚಿದ್ದ ಶಿಕ್ಷಕರ ಮಕ್ಕಳು ಗಣಿತದಲ್ಲಿ ಹೆಚ್ಚು ಪ್ರಗತಿ ಸಾಧಿಸಿದ್ದು ಅದರಲ್ಲಿ ಕಂಡುಬಂತು. ಒಂದನೆಯ ತರಗತಿಯಲ್ಲೂ ಹೀಗಾದದ್ದು ಗಮನಾರ್ಹ. "ಒಂದನೆಯ ತರಗತಿಗೆ ಯಾರಾದರೂ ಆದೀತು" ಎಂಬ ಮಾತು ನಮ್ಮ ಕಡೆಯೂ ಅಪರೂಪವಲ್ಲ.

2008ರಲ್ಲಿ ಬಾಲ್, ಮಾರ್ಕ್ ಥೇಮ್ಸ್ ಮತ್ತು ಜೆಫ್ರಿ ಫೆಲ್ಪ್ಸ್ ಈ ಜ್ಞಾನವನ್ನು ಆರು ಭಾಗಗಳಾಗಿ ವಿಂಗಡಿಸಿದರು. ವಿದ್ಯಾವಂತರೆಲ್ಲರಿಗೂ ಇರುವ ಸಾಮಾನ್ಯ ಗಣಿತಜ್ಞಾನ, ಬೋಧಿಸುವವರಿಗೆ ಮಾತ್ರ ಬೇಕಾಗುವ ವಿಶೇಷ ಗಣಿತಜ್ಞಾನ, ಇಂದಿನ ಪಾಠ ಮುಂದಿನ ತರಗತಿಗಳಲ್ಲಿ ಎಲ್ಲಿಗೆ ಹೋಗಿ ಸೇರುತ್ತದೆ ಎಂಬ ದೂರದೃಷ್ಟಿ ಇವು ವಿಷಯದ ಕಡೆಗಿನ ಮೂರು. ಮಕ್ಕಳು ಆ ವಿಷಯವನ್ನು ಹೇಗೆ ಗ್ರಹಿಸುತ್ತಾರೆ, ಅದನ್ನು ಯಾವ ಉದಾಹರಣೆಗಳಿಂದ ಕಲಿಸಬೇಕು, ಪಠ್ಯಕ್ರಮ ಅದನ್ನು ಹೇಗೆ ಜೋಡಿಸಿದೆ ಎಂಬ ತಿಳಿವು ಬೋಧನೆಯ ಕಡೆಗಿನ ಮೂರು. ಇವುಗಳಲ್ಲಿ ಹೊಸತೆನಿಸಿದ್ದು ಎರಡನೆಯದು. ಅದು ಶುದ್ಧ ಗಣಿತವೇ ಆದರೂ ಎಂಜಿನಿಯರ್‌ಗಾಗಲಿ ಲೆಕ್ಕಪರಿಶೋಧಕರಿಗಾಗಲಿ ಬೇಕಾಗುವುದಿಲ್ಲ.

ಲಿಪಿಂಗ್ ಮಾ ಅವರ 1999ರ ಕೃತಿ ಈ ಚರ್ಚೆಗೆ ಇನ್ನೊಂದು ಆಧಾರ. ಅವರು ಅಮೆರಿಕದ 23 ಮತ್ತು ಚೀನಾದ 72 ಪ್ರಾಥಮಿಕ ಶಿಕ್ಷಕರಿಗೆ ಒಂದೂಮುಕ್ಕಾಲನ್ನು ಅರ್ಧದಿಂದ ಭಾಗಿಸಿ, ಅದಕ್ಕೆ ಹೊಂದುವ ಒಂದು ಕಥಾಲೆಕ್ಕ ರಚಿಸಲು ಕೇಳಿದರು. ಚೀನಾದ ಎಲ್ಲರೂ ಸರಿ ಉತ್ತರ ಪಡೆದರು. ಅವರಲ್ಲಿ ಶೇಕಡ 90ರಷ್ಟು ಮಂದಿ ಸರಿಯಾದ ಕಥೆಯನ್ನೂ ಹೇಳಿದರು. ಅಮೆರಿಕದ ಶಿಕ್ಷಕರಲ್ಲಿ ಸರಿಯಾದ ಕಥೆ ಹೇಳಿದವರು ಒಬ್ಬರು ಮಾತ್ರ. ಉಳಿದವರಲ್ಲಿ ಅನೇಕರು "ಅರ್ಧದಿಂದ ಭಾಗಿಸು" ಎಂಬುದನ್ನು "ಅರ್ಧಕ್ಕೆ ಭಾಗ ಮಾಡು", ಎಂದರೆ ಎರಡರಿಂದ ಭಾಗಿಸು, ಎಂದು ತಿಳಿದಿದ್ದರು. ಔಪಚಾರಿಕ ವಿದ್ಯಾಭ್ಯಾಸದ ವರ್ಷಗಳು ಚೀನಾದ ಶಿಕ್ಷಕರಿಗೇ ಕಡಿಮೆ ಇದ್ದವು. ಒಂಬತ್ತನೆಯ ತರಗತಿಯ ನಂತರ ಎರಡು ಮೂರು ವರ್ಷಗಳ ಶಿಕ್ಷಕ ತರಬೇತಿ ಪಡೆದವರು ಅವರು. ನಮ್ಮಲ್ಲಿ ಟಿ.ಸಿ.ಎಚ್. ಮುಗಿಸಿ ಸೇವೆಗೆ ಸೇರಿದ ತಲೆಮಾರಿನ ಶಿಕ್ಷಕರಿಗೆ ಇದು ಹತ್ತಿರದ ಉದಾಹರಣೆ. ಮಾ ಅವರ ಪ್ರಕಾರ ಚೀನಾದ ಶಿಕ್ಷಕರ ಈ ಆಳವಾದ ತಿಳಿವು ತರಬೇತಿಗಿಂತ ಹೆಚ್ಚಾಗಿ ಸೇವಾವಧಿಯಲ್ಲಿ, ಪಠ್ಯವನ್ನು ಸಹೋದ್ಯೋಗಿಗಳೊಡನೆ ಕೂತು ಓದಿ ಚರ್ಚಿಸುವುದರಿಂದ ಬೆಳೆದದ್ದು.

ಒಂದು ವ್ಯವಕಲನದ ನಿದರ್ಶನ

ವಿಶೇಷ ಗಣಿತಜ್ಞಾನವೆಂದರೇನು ಎಂಬುದನ್ನು ಮೂರು ಅಥವಾ ನಾಲ್ಕನೆಯ ತರಗತಿಯ ಒಂದು ಲೆಕ್ಕದಿಂದ ವಿವರಿಸಬಹುದು: 402ರಿಂದ 157ನ್ನು ಕಳೆಯಿರಿ. ಸರಿ ಉತ್ತರ 245.

ಒಂದು ಮಗು 355 ಎಂದು ಬರೆಯುತ್ತದೆ. ಅದು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿಯನ್ನು ಕಳೆದಿದೆ: ಏಳರಿಂದ ಎರಡು, ಐದರಿಂದ ಸೊನ್ನೆ, ನಾಲ್ಕರಿಂದ ಒಂದು. "ಯಾವಾಗಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು" ಎಂದು ಎರಡನೆಯ ತರಗತಿಯಲ್ಲಿ ಹೇಳಿಕೊಟ್ಟ ಮಾತನ್ನು ಅದು ನಿಷ್ಠೆಯಿಂದ ಪಾಲಿಸಿದೆ. ಇನ್ನೊಂದು ಮಗು 255 ಎಂದು ಬರೆಯುತ್ತದೆ. ಬಿಡಿ ಸ್ಥಾನಕ್ಕೆ ಹತ್ತನ್ನು ತರಬೇಕೆಂದು ಅದಕ್ಕೆ ಗೊತ್ತು. ಹತ್ತರ ಸ್ಥಾನದಲ್ಲಿ ಸೊನ್ನೆ ಇರುವುದರಿಂದ ನೂರರ ಮನೆಗೇ ಹೋಗಿ ಒಂದನ್ನು ತಂದು 12 ಮಾಡಿಕೊಂಡಿದೆ. ನೂರನ್ನು ಬಿಡಿಸಿದರೆ ಹತ್ತು ಹತ್ತುಗಳು ಬರುತ್ತವೆ, ಅವುಗಳಲ್ಲಿ ಒಂಬತ್ತು ಹತ್ತರ ಸ್ಥಾನದಲ್ಲೇ ಉಳಿಯುತ್ತವೆ ಎಂಬುದು ಅದಕ್ಕೆ ಹೊಳೆದಿಲ್ಲ. ಅಲ್ಲಿನ ಸೊನ್ನೆಯಿಂದ ಐದನ್ನು ಕಳೆಯಲಾಗದೆ ಐದನ್ನೇ ಬರೆದಿದೆ. ಎರಡೂ ಉತ್ತರಗಳಿಗೆ ಕೆಂಪು ಶಾಯಿಯ ಗುರುತು ಒಂದೇ. ಆದರೆ ಮೊದಲ ಮಗುವಿಗೆ ಬೇಕಾದದ್ದು ಸಂಖ್ಯೆಯನ್ನು ಇಡಿಯಾಗಿ ನೋಡುವ ಅಭ್ಯಾಸ. ಎರಡನೆಯದಕ್ಕೆ ಬೇಕಾದದ್ದು ನೂರರ ಒಂದು ಕಟ್ಟನ್ನು ಬಿಚ್ಚಿ ಹತ್ತರ ಕಟ್ಟುಗಳನ್ನಾಗಿ ಮಾಡುವ ಕೈಕೆಲಸ. ಇಬ್ಬರಿಗೂ ಅದೇ ಲೆಕ್ಕವನ್ನು ಹತ್ತು ಬಾರಿ ಬರೆಸಿದರೆ ಮೊದಲಿನವನು ತನ್ನ ತಪ್ಪನ್ನು ಹತ್ತು ಬಾರಿ ಗಟ್ಟಿಮಾಡಿಕೊಳ್ಳುತ್ತಾನೆ.

ಮೂರನೆಯ ಮಗು ಅಂಗಡಿಯಲ್ಲಿ ಚಿಲ್ಲರೆ ಎಣಿಸುವ ರೀತಿಯಲ್ಲಿ ಹೋಗುತ್ತದೆ: 157ಕ್ಕೆ 3 ಸೇರಿಸಿದರೆ 160, ಅದಕ್ಕೆ 40 ಸೇರಿಸಿದರೆ 200, ಇನ್ನು 200 ಸೇರಿಸಿದರೆ 400, ಮೇಲೆ 2; ಒಟ್ಟು 245. ನಾಲ್ಕನೆಯದು ಎರಡೂ ಸಂಖ್ಯೆಗಳಿಂದ 3ನ್ನು ತೆಗೆದು 399ರಿಂದ 154ನ್ನು ಕಳೆಯುತ್ತದೆ. ಎಲ್ಲಿಯೂ ದಶಕ ತರುವ ಪ್ರಮೇಯವೇ ಬರುವುದಿಲ್ಲ. ಇಲ್ಲಿ ಶಿಕ್ಷಕರ ಮುಂದಿರುವುದು ನಿಜವಾದ ಗಣಿತದ ಪ್ರಶ್ನೆ: ಈ ಉಪಾಯ ಎಲ್ಲ ಸಂಖ್ಯೆಗಳಿಗೂ ನಡೆಯುತ್ತದೆಯೇ? ಎರಡು ಸಂಖ್ಯೆಗಳಿಂದ ಒಂದೇ ಮೊತ್ತವನ್ನು ತೆಗೆದರೆ ಅವುಗಳ ಅಂತರ ಬದಲಾಗದು ಎಂಬುದನ್ನು ಬಲ್ಲವರು ಆ ಮಗುವನ್ನು ಕಪ್ಪುಹಲಗೆಯ ಬಳಿಗೆ ಕರೆಯುತ್ತಾರೆ. ಬಲ್ಲದವರು "ಪುಸ್ತಕದಲ್ಲಿರುವಂತೆ ಮಾಡು" ಎನ್ನುತ್ತಾರೆ. ನಿರ್ಣಯಕ್ಕೆ ಸಿಗುವ ಕಾಲ ಅರ್ಧ ನಿಮಿಷವೂ ಇರುವುದಿಲ್ಲ, ಹಿಂದೆ ನಲವತ್ತು ಮಕ್ಕಳು ಕಾದಿರುತ್ತಾರೆ.

"ಸಾಲ ತರುವುದು" ಎಂಬ ರೂಢಿಯ ಮಾತೂ ಚರ್ಚೆಗೆ ಒಳಗಾಗಿದೆ. ತಂದ ಸಾಲವನ್ನು ಇಲ್ಲಿ ಯಾರೂ ಹಿಂದಿರುಗಿಸುವುದಿಲ್ಲ. ನಡೆಯುವುದು ಬಿಡಿಸುವ ಕ್ರಿಯೆ. ಅದಕ್ಕಾಗಿ "ದಶಕವನ್ನು ಬಿಡಿಸುವುದು" ಎಂಬ ಪ್ರಯೋಗ ಹೆಚ್ಚು ನಿಖರ.

ಕನ್ನಡದ ಎಣಿಕೆ ಮತ್ತು ಭಿನ್ನರಾಶಿ

ಗಣಿತ ಬೋಧನಾ ಜ್ಞಾನದ ಒಂದು ಭಾಗ ಭಾಷೆಗೆ ಅಂಟಿಕೊಂಡಿದೆ. ಕನ್ನಡದಲ್ಲಿ ಇಪ್ಪತ್ತೈದು ಎನ್ನುವಾಗ ಹತ್ತರ ಸ್ಥಾನ ಮೊದಲು, ಬಿಡಿ ಆಮೇಲೆ. ಬರೆಯುವ ಕ್ರಮವೂ ಹಾಗೆಯೇ. ಈ ಅನುಕೂಲ ಎಲ್ಲ ಕಡೆಯೂ ಇಲ್ಲ. "ನೂರಐದು" ಎಂದು ಕೇಳಿದ ಮಗು 1005 ಎಂದು ಬರೆಯುವುದು ಸಾಮಾನ್ಯ, ಏಕೆಂದರೆ ಅದು ಕೇಳಿದ್ದನ್ನೇ ಬರೆದಿದೆ: ಮೊದಲು 100, ಆಮೇಲೆ 5. ತೊಂಬತ್ತು, ಒಂಬೈನೂರು ಎಂಬ ಪದಗಳು ಎಂಬತ್ತು, ಎಂಟುನೂರುಗಳ ಜಾಡನ್ನು ಹಿಡಿಯದೆ ಮಕ್ಕಳನ್ನು ತಡವರಿಸುತ್ತವೆ.

ಭಿನ್ನರಾಶಿಯಲ್ಲಿ ಕನ್ನಡದ ಸಂಪತ್ತು ದೊಡ್ಡದು. ಕಾಲು, ಅರೆ, ಮುಕ್ಕಾಲು, ಅರೆಕಾಲು, ವೀಸ ಮೊದಲಾದ ಪದಗಳು ಅಂಶ, ಛೇದಗಳ ಹಂಗಿಲ್ಲದೆ ಭಿನ್ನರಾಶಿಯನ್ನು ಒಂದು ಪ್ರಮಾಣವಾಗಿ ಹೇಳುತ್ತವೆ. ವೀಸವೆಂದರೆ ಹದಿನಾರನೇ ಒಂದು ಭಾಗ. ಸೇರು, ಅಚ್ಚೇರು, ಪಾವು, ಅರೆಪಾವುಗಳ ಅಳತೆಯಲ್ಲಿ ಅರ್ಧಿಸುತ್ತಾ ಹೋಗುವ ಕ್ರಮವಿತ್ತು. 1950ರ ದಶಕದ ಕೊನೆಯಲ್ಲಿ ಮೆಟ್ರಿಕ್ ಪದ್ಧತಿ ಬಂದ ಮೇಲೆ ಅದು ನಿಧಾನವಾಗಿ ಮರೆಯಾಯಿತು. ಕೂಲಿಮಠಗಳಲ್ಲಿ ಪೂರ್ಣಸಂಖ್ಯೆಗಳ ಮಗ್ಗಿಯ ಜೊತೆಗೆ ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನೂ ಬಾಯಿಪಾಠ ಮಾಡಿಸುತ್ತಿದ್ದರು. ಅದನ್ನು ಮರಳಿ ತರಬೇಕೆಂದು ಯಾರೂ ಹೇಳಲಾರರು. ಆದರೆ "ಅರ್ಧ ಭಾಗಿಸು ಕಾಲು" ಎಂಬ ಲೆಕ್ಕವನ್ನು "ಭಾಜಕವನ್ನು ತಿರುಗಿಸಿ ಗುಣಿಸು" ಎಂಬ ಸೂತ್ರದಿಂದ ಆರಂಭಿಸುವ ಬದಲು "ಅರ್ಧ ಕಿಲೋದಲ್ಲಿ ಕಾಲು ಕಿಲೋ ಪೊಟ್ಟಣ ಎಷ್ಟು?" ಎಂದು ಕೇಳಿದರೆ, ಸೂತ್ರ ಕಲಿಯದ ಮಗುವೂ "ಎರಡು" ಎನ್ನುತ್ತದೆ. ಭಾಗಾಕಾರವೆಂದರೆ ಹಂಚಿಕೆ ಎಂಬ ಒಂದೇ ಅರ್ಥವನ್ನು ಕಲಿತವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಅರ್ಧವನ್ನು ಕಾಲು ಜನರಿಗೆ ಹಂಚಲಾಗದು. ಒಂದರಲ್ಲಿ ಇನ್ನೊಂದು ಎಷ್ಟು ಸಲ ಅಡಗಿದೆ ಎಂಬುದು ಭಾಗಾಕಾರದ ಎರಡನೆಯ ಅರ್ಥ, ಭಿನ್ನರಾಶಿಗೆ ಒದಗುವುದು ಅದೇ.

ಇಲ್ಲಿಯೂ ಒಂದು ತೊಡಕಿದೆ. ಒಂದೂಮುಕ್ಕಾಲು ಲೀಟರ್ ಎಣ್ಣೆಯನ್ನು ಅರ್ಧ ಲೀಟರಿನ ಸೀಸೆಗಳಿಗೆ ತುಂಬಿದರೆ ಮೂರು ಸೀಸೆ ತುಂಬಿ ಕಾಲು ಲೀಟರ್ ಉಳಿಯುತ್ತದೆ. ಹಾಗಾದರೆ ಉತ್ತರ ಮೂರೂಕಾಲು ಎನ್ನುವ ಮಗುವಿಗೆ ಏನು ಹೇಳಬೇಕು? ಉಳಿದ ಎಣ್ಣೆ ಲೀಟರಿನ ಲೆಕ್ಕದಲ್ಲಿ ಕಾಲು, ಸೀಸೆಯ ಲೆಕ್ಕದಲ್ಲಿ ಅರ್ಧ. ನಾವು ಎಣಿಸುತ್ತಿರುವುದು ಸೀಸೆಗಳನ್ನಾದ್ದರಿಂದ ಉತ್ತರ ಮೂರೂವರೆ. ಭಿನ್ನರಾಶಿಯನ್ನು ಹೇಳುವಾಗಲೆಲ್ಲ "ಯಾವುದರ ಕಾಲು?" ಎಂದು ಕೇಳುವ ಅಭ್ಯಾಸ ಶಿಕ್ಷಕರಲ್ಲಿ ಇರಬೇಕೆಂಬುದು ಇದರ ತಾತ್ಪರ್ಯ.

ಕನ್ನಡ ನಾಡಿನ ಗಣಿತ ಪರಂಪರೆಯಲ್ಲಿಯೂ ಈ ಚರ್ಚೆಗೆ ಒದಗುವ ಸಾಮಗ್ರಿ ಇದೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ ಗಣಿತಸಾರಸಂಗ್ರಹವು ಭಿನ್ನರಾಶಿಗಳನ್ನು ವಿಸ್ತಾರವಾಗಿ ವಿವೇಚಿಸುತ್ತದೆ. ಛೇದಗಳನ್ನು ಸಮಗೊಳಿಸಲು ಲಘುತಮ ಸಾಮಾನ್ಯ ಅಪವರ್ತ್ಯವನ್ನು ಬಳಸುವ ಕ್ರಮ ಅದರಲ್ಲಿದೆ. ಅದೇ ಗ್ರಂಥವು ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂದೂ ಹೇಳುತ್ತದೆ. ಇಂದಿನ ಗಣಿತ ಇದನ್ನು ಒಪ್ಪುವುದಿಲ್ಲ. ಆದರೆ ಐದನೆಯ ತರಗತಿಯ ಮಗುವನ್ನು ಕೇಳಿದರೆ ಅದೂ ಇದನ್ನೇ ಹೇಳೀತು: ಆರು ಚಪಾತಿ ಇವೆ, ಹಂಚಿಕೊಳ್ಳಲು ಯಾರೂ ಬರಲಿಲ್ಲ, ಆರೂ ಹಾಗೆಯೇ ಉಳಿದವು. ಉಳಿದ ಚಪಾತಿ ಎಷ್ಟು ಎಂಬ ಪ್ರಶ್ನೆಗೆ ಆರು ಸರಿಯಾದ ಉತ್ತರವೇ. ಒಬ್ಬೊಬ್ಬರಿಗೆ ಎಷ್ಟು ಬಂತು ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ಯಾವ ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೆ ಆರು ಬರುತ್ತದೆ ಎಂದು ಹುಡುಕಿಸಿದರೆ ಮಕ್ಕಳೇ ಆ ತೀರ್ಮಾನಕ್ಕೆ ಬರುತ್ತಾರೆ. ದೊಡ್ಡ ಗಣಿತಜ್ಞರೊಬ್ಬರು ಎಡವಿದ ಸ್ಥಳದಲ್ಲಿ ಮಗು ಎಡವಿದರೆ ಅದನ್ನು ದಡ್ಡತನವೆಂದು ಕರೆಯುವುದು ಅನ್ಯಾಯ.

ಪೀಣ್ಯದ ತರಗತಿಗಳು

ಬೆಂಗಳೂರಿನ ವಾಯವ್ಯಕ್ಕೆ, ತುಮಕೂರು ರಸ್ತೆಯ ಬದಿಯಲ್ಲಿರುವ ಪೀಣ್ಯ ಕೈಗಾರಿಕಾ ಪ್ರದೇಶವು 1970ರ ದಶಕದಲ್ಲಿ ರೂಪುಗೊಂಡು ಸಾವಿರಾರು ಸಣ್ಣ ಮತ್ತು ಮಧ್ಯಮ ಘಟಕಗಳ ನೆಲೆಯಾಗಿ ಬೆಳೆಯಿತು. ಲೇತ್ ಮತ್ತು ಸಿ.ಎನ್.ಸಿ. ಯಂತ್ರಗಳ ಕಾರ್ಯಾಗಾರಗಳು, ಲೋಹಲೇಪನ ಘಟಕಗಳು, ಸಿದ್ಧ ಉಡುಪು ಕಾರ್ಖಾನೆಗಳು ಇಲ್ಲಿವೆ. ಸುತ್ತಲಿನ ದಾಸರಹಳ್ಳಿ, ಚೊಕ್ಕಸಂದ್ರ, ನೆಲಗದರನಹಳ್ಳಿ, ಹೆಗ್ಗನಹಳ್ಳಿ, ಲಗ್ಗೆರೆ, ರಾಜಗೋಪಾಲನಗರಗಳಲ್ಲಿ ಕಾರ್ಮಿಕ ಕುಟುಂಬಗಳು ವಾಸಿಸುತ್ತವೆ. ಉತ್ತರ ಕರ್ನಾಟಕದ ಜಿಲ್ಲೆಗಳಿಂದ, ಆಂಧ್ರ, ತೆಲಂಗಾಣ, ತಮಿಳುನಾಡುಗಳಿಂದ, ಬಿಹಾರ, ಒಡಿಶಾ, ಉತ್ತರ ಪ್ರದೇಶಗಳಿಂದ ಬಂದವರ ಮಕ್ಕಳು ಒಂದೇ ಕೊಠಡಿಯಲ್ಲಿ ಕೂರುತ್ತಾರೆ. ಕೆಲಸ ಬದಲಾದಂತೆ ಮನೆ ಬದಲಾಗುತ್ತದೆ, ವರ್ಷದ ನಡುವೆ ಶಾಲೆಯೂ ಬದಲಾಗುತ್ತದೆ.

ಇಂಥ ಕೊಠಡಿಯಲ್ಲಿ 29 ಎಂಬ ಸಂಖ್ಯೆ ಒಂದೇ ರೀತಿ ಕೇಳಿಸುವುದಿಲ್ಲ. ಕನ್ನಡದ ಇಪ್ಪತ್ತೊಂಬತ್ತು, ತೆಲುಗು, ತಮಿಳಿನ ಹೆಸರುಗಳು ಇಪ್ಪತ್ತನ್ನು ಮುಂದಿಟ್ಟುಕೊಂಡು ನಡೆಯುತ್ತವೆ. ಹಿಂದಿ, ಉರ್ದುಗಳಲ್ಲಿ 25 "ಪಚ್ಚೀಸ್", ಬಿಡಿಯ ಐದರ ದನಿ ಮೊದಲು. 29 ಎಂಬುದು ಮೂವತ್ತಕ್ಕೆ ಒಂದು ಕಡಿಮೆ ಎಂಬರ್ಥದ ಹೆಸರು. ಹಿಂದಿ ಮನೆಮಾತಿನ ಮಗು 52 ಎಂದು ಬರೆದು 25 ಎಂದು ಓದಿದರೆ ಅದನ್ನು ಅಜಾಗರೂಕತೆ ಎಂದು ತಿಳಿಯುವ ಶಿಕ್ಷಕರಿಗೂ, ಅದು ಮನೆಮಾತಿನ ಕ್ರಮವಿರಬಹುದೇ ಎಂದು ಶಂಕಿಸುವ ಶಿಕ್ಷಕರಿಗೂ ಮುಂದಿನ ನಡೆ ಬೇರೆಯಾಗುತ್ತದೆ. ಭಿನ್ನರಾಶಿಯಲ್ಲೂ ಹೀಗೆಯೇ. ಕನ್ನಡದಲ್ಲಿ "ನಾಲ್ಕನೇ ಮೂರು ಭಾಗ" ಎಂದು ಛೇದವನ್ನು ಮೊದಲು ಹೇಳುತ್ತೇವೆ. ಇಂಗ್ಲಿಷ್ ಮಾಧ್ಯಮದಲ್ಲಿ "ತ್ರೀ ಬೈ ಫೋರ್" ಎಂದು ಅಂಶ ಮೊದಲು. 2019-20ರಲ್ಲಿ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗಗಳು ಆರಂಭವಾದ ಮೇಲೆ ಒಂದೇ ಶಾಲೆಯ ಶಿಕ್ಷಕರು ಎರಡೂ ಕ್ರಮಗಳನ್ನು ನಿಭಾಯಿಸಬೇಕಾಗಿ ಬಂತು. ಮಗು ಮೂರು ಮೇಲೆ, ನಾಲ್ಕು ಕೆಳಗೆ ಬರೆಯುವ ಬದಲು ತಿರುಗಿಸಿ ಬರೆದಾಗ ಕಾರಣವನ್ನು ಕೆಲವೊಮ್ಮೆ ಗಣಿತದಲ್ಲಿ ಹುಡುಕುವ ಬದಲು ವ್ಯಾಕರಣದಲ್ಲಿ ಹುಡುಕಬೇಕು.

ಪೀಣ್ಯದ ತರಗತಿಗೆ ಒಂದು ಅನುಕೂಲವೂ ಇದೆ: ಮಕ್ಕಳ ಮನೆಗಳಲ್ಲಿ ಅಳತೆ ಬಲ್ಲವರಿದ್ದಾರೆ. 0.5 ಮತ್ತು 0.25ರಲ್ಲಿ ಯಾವುದು ದೊಡ್ಡದು ಎಂದು ಕೇಳಿದರೆ 0.25 ಎನ್ನುವ ಮಕ್ಕಳು ಎಲ್ಲೆಡೆ ಸಿಗುತ್ತಾರೆ, ಏಕೆಂದರೆ 25 ಐದಕ್ಕಿಂತ ದೊಡ್ಡದು. "ಸೊನ್ನೆ ಬಿಂದು ಇಪ್ಪತ್ತೈದು" ಎಂದು ಓದುವ ರೂಢಿ ಈ ತಪ್ಪನ್ನು ಪೋಷಿಸುತ್ತದೆ. "ಸೊನ್ನೆ ಬಿಂದು ಎರಡು ಐದು" ಎಂದು ಓದಿಸುವುದು ಒಂದು ಪರಿಹಾರ. ಅದೇ ಮಗುವಿನ ತಂದೆ 0.02 ಮಿಲಿಮೀಟರಿನವರೆಗೆ ಅಳೆಯುವ ವರ್ನಿಯರ್ ಕ್ಯಾಲಿಪರ್ ಹಿಡಿದು ಕೆಲಸ ಮಾಡುವವರಿರಬಹುದು, 0.5ಕ್ಕೂ 0.05ಕ್ಕೂ ಇರುವ ವ್ಯತ್ಯಾಸ ಅವರಿಗೆ ತಿರಸ್ಕೃತವಾದ ಬಿಡಿಭಾಗದ ರೂಪದಲ್ಲಿ ಗೊತ್ತು. ಬಡಗಿಗಳೂ ಗಾರೆ ಕೆಲಸದವರೂ ಬಳಸುವ "ನೂಲು" ಎಂಬ ಅಳತೆ ಇಂಚಿನ ಎಂಟನೇ ಒಂದು ಭಾಗ. ನಾಲ್ಕು ನೂಲು ಅರ್ಧ ಇಂಚು, ಆರು ನೂಲು ಮುಕ್ಕಾಲು ಇಂಚು ಎಂಬುದು ಸಮಾನ ಭಿನ್ನರಾಶಿಗಳ ಪಾಠವೇ. ಉಡುಪು ಕಾರ್ಖಾನೆಯ ಟೇಪಿನಲ್ಲಿಯೂ ಅದೇ ಅರ್ಧ, ಕಾಲುಗಳಿವೆ. ಆದರೆ ಇದನ್ನು ಬಳಸಬೇಕಾದರೆ ನೂಲು ಮತ್ತು ಎಂಟನೇ ಒಂದು ಭಾಗ ಒಂದೇ ಎಂಬ ಕೊಂಡಿಯನ್ನು ಶಿಕ್ಷಕರು ಕಾಣಬೇಕು. ಮನೆಯಿಂದ ಟೇಪು ತರಿಸಿದ ಮಾತ್ರಕ್ಕೆ ಪಾಠವಾಗುವುದಿಲ್ಲ.

ಈ ಭಾಗದ ಅನೇಕ ಮಕ್ಕಳು ಕಡಿಮೆ ಶುಲ್ಕದ ಸಣ್ಣ ಖಾಸಗಿ ಶಾಲೆಗಳಲ್ಲಿ ಓದುತ್ತಾರೆ. ಸರ್ಕಾರದ ಸೇವಾಂತರ್ಗತ ತರಬೇತಿಗಳು ಮುಖ್ಯವಾಗಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಶಿಕ್ಷಕರಿಗೆ ರೂಪಿತವಾದವು. ಖಾಸಗಿ ಶಾಲೆಯ ಶಿಕ್ಷಕಿಗೆ, ಆಕೆ ಕಲಿಸುವುದು ಅದೇ ಬೀದಿಯ ಮಕ್ಕಳಿಗೇ ಆದರೂ, ಅಂಥ ವೇದಿಕೆ ಹೆಚ್ಚಾಗಿ ಇರುವುದಿಲ್ಲ.

ಕರ್ನಾಟಕದಲ್ಲಿ ಶಿಕ್ಷಕರ ಸಿದ್ಧತೆ

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು (ಡಯಟ್) ಸ್ಥಾಪನೆಯಾದವು. 1990ರ ದಶಕದ ಮಧ್ಯದಲ್ಲಿ ಬಂದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮವು (ಡಿ.ಪಿ.ಇ.ಪಿ.) ತಾಲ್ಲೂಕು ಮತ್ತು ಸಮೂಹ ಮಟ್ಟದ ಸಂಪನ್ಮೂಲ ಕೇಂದ್ರಗಳಿಗೆ ದಾರಿ ಮಾಡಿತು, 2001ರ ಸರ್ವ ಶಿಕ್ಷಣ ಅಭಿಯಾನ ಅವನ್ನು ರಾಜ್ಯದಾದ್ಯಂತ ಹರಡಿತು. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿ.ಎಸ್.ಇ.ಆರ್.ಟಿ.) ತರಬೇತಿ ಸಾಹಿತ್ಯವನ್ನು ರೂಪಿಸುತ್ತದೆ. ರಾಜ್ಯದಲ್ಲಿ ತರಬೇತಾದವರು ಜಿಲ್ಲೆಯಲ್ಲಿ, ಅಲ್ಲಿಂದ ತಾಲ್ಲೂಕಿನಲ್ಲಿ ತರಬೇತಿ ನೀಡುವ ಈ ಏಣಿಯಲ್ಲಿ ಕೊನೆಯ ಮೆಟ್ಟಿಲಿಗೆ ತಲಪುವ ವೇಳೆಗೆ "ಏನು ಮಾಡಬೇಕು" ಎಂಬುದು ಉಳಿದು "ಏಕೆ" ಎಂಬುದು ಸೋರಿಹೋಗುತ್ತದೆ ಎಂಬ ದೂರು ಹಳೆಯದು.

ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ, ಋಷಿವ್ಯಾಲಿಯ ಗ್ರಾಮೀಣ ಶಾಲೆಗಳ ಮಾದರಿಯಿಂದ ಪ್ರೇರಿತವಾಗಿ, ಯುನಿಸೆಫ್ ನೆರವಿನೊಡನೆ ಆರಂಭವಾದ ನಲಿಕಲಿ ಪದ್ಧತಿಯಲ್ಲಿ ಶಿಕ್ಷಕರೇ ಕಾರ್ಡುಗಳನ್ನೂ ಕಲಿಕಾ ಏಣಿಯನ್ನೂ ರೂಪಿಸಿದ್ದರು. ಯಾವ ಪರಿಕಲ್ಪನೆ ಯಾವುದಕ್ಕಿಂತ ಮೊದಲು ಬರಬೇಕು ಎಂದು ಚರ್ಚಿಸುತ್ತಾ ಅವರು ಪಡೆದ ತಿಳಿವು ಗಣಿತ ಬೋಧನಾ ಜ್ಞಾನವೇ. 2009-10ರಲ್ಲಿ ಪದ್ಧತಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ವಿಸ್ತರಿಸಿದಾಗ ಶಿಕ್ಷಕರ ಕೈಗೆ ಬಂದದ್ದು ಸಿದ್ಧ ಕಾರ್ಡುಗಳು. ಹೊಸ ಶಿಕ್ಷಕರು ಕಾರ್ಡಿನ ಚಿಹ್ನೆಯನ್ನು ಬಲ್ಲರು. ಏಣಿಯ ಮೆಟ್ಟಿಲು ಅಲ್ಲೇ ಏಕಿದೆ ಎಂದು ಚರ್ಚಿಸುವ ಅವಕಾಶ ಮೊದಲಿನವರಿಗೆ ಸಿಕ್ಕಷ್ಟು ಅವರಿಗೆ ಸಿಗಲಿಲ್ಲ. ಅಕ್ಷರ ಪ್ರತಿಷ್ಠಾನವು ಸರ್ಕಾರದ ಜೊತೆ ನಡೆಸಿದ ಗಣಿತ ಕಲಿಕಾ ಆಂದೋಲನವು ನಾಲ್ಕು ಮತ್ತು ಐದನೆಯ ತರಗತಿಗಳಿಗೆ ಮಣಿಚೌಕಟ್ಟು, ಹತ್ತರ ಕಟ್ಟುಗಳು, ಭಿನ್ನರಾಶಿ ಪಟ್ಟಿಗಳು ಮುಂತಾದವುಗಳಿದ್ದ ಪೆಟ್ಟಿಗೆಯನ್ನು ಒದಗಿಸಿತು. ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆಗಳೂ ನಡೆದವು. ಮೆಟ್ರಿಕ್ ಮೇಳ, ಮಕ್ಕಳ ಸಂತೆಗಳು ಅನೇಕ ಶಾಲೆಗಳಲ್ಲಿ ಜನಪ್ರಿಯ. ಉಪಕರಣ ಎಷ್ಟೇ ಚೆನ್ನಾಗಿರಲಿ, ಅದು ತಾನಾಗಿ ಗಣಿತವನ್ನು ಹೇಳುವುದಿಲ್ಲ. ಹತ್ತರ ಕಟ್ಟನ್ನು ಬಿಚ್ಚುವ ಕ್ರಿಯೆಗೂ ಹಲಗೆಯ ಮೇಲಿನ ಗೆರೆ ಹೊಡೆದ ಅಂಕಿಗೂ ನಡುವಣ ಸಂಬಂಧವನ್ನು ಮಾತಿನಲ್ಲಿ ಜೋಡಿಸಬೇಕಾದವರು ಶಿಕ್ಷಕರು. ಹಾಗೆ ಜೋಡಿಸದಿದ್ದಲ್ಲಿ ಪೆಟ್ಟಿಗೆ ಬೀರುವಿನಲ್ಲಿ ಭದ್ರವಾಗಿರುತ್ತದೆ, ದಾಸ್ತಾನು ವಹಿಯಲ್ಲಿ ನಮೂದಾಗಿರುತ್ತದೆ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿಗಾಗಿ ಆರ್. ರಾಮಾನುಜಮ್ ಅವರ ಅಧ್ಯಕ್ಷತೆಯಲ್ಲಿ ಸಿದ್ಧವಾದ ಗಣಿತ ಬೋಧನೆಯ ವರದಿಯು ಮಗುವಿನ ಆಲೋಚನೆಯನ್ನು ಗಣಿತೀಯವಾಗಿಸುವುದೇ ಗುರಿಯೆಂದು ಸಾರಿ, ಶಿಕ್ಷಕರ ಸಿದ್ಧತೆಯ ಕೊರತೆಯನ್ನು ಪ್ರಮುಖ ತೊಡಕೆಂದು ಗುರುತಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ನಂತರ ಕಡ್ಡಾಯವಾದ ಶಿಕ್ಷಕರ ಅರ್ಹತಾ ಪರೀಕ್ಷೆಯ ಮೊದಲ ಪತ್ರಿಕೆಯಲ್ಲಿ 150 ಪ್ರಶ್ನೆಗಳಲ್ಲಿ 30 ಗಣಿತಕ್ಕೆ ಮೀಸಲು. ಅವುಗಳಲ್ಲಿ ಬೋಧನಾಕ್ರಮದ ಪ್ರಶ್ನೆಗಳೂ ಇರುತ್ತವೆ. ಆದರೆ ಮಗುವಿನ ಬರಹವನ್ನು ಓದಿ ವ್ಯಾಖ್ಯಾನಿಸುವ ಶಕ್ತಿಯನ್ನು ನಾಲ್ಕು ಆಯ್ಕೆಗಳ ಪ್ರಶ್ನೆ ಎಷ್ಟರಮಟ್ಟಿಗೆ ಅಳೆಯಬಲ್ಲದು ಎಂಬುದು ಚರ್ಚಾಸ್ಪದ.

ನಂತರದ ವರ್ಷಗಳಲ್ಲಿ ಶಿಕ್ಷಕರೇ ತಮಗೆ ಬೇಕಾದ ವಿಷಯವನ್ನು ಆರಿಸಿಕೊಳ್ಳುವ ಗುರುಚೇತನ, 2019ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ನಿಷ್ಠಾ, ದೀಕ್ಷಾ ಜಾಲತಾಣದ ಪಾಠಗಳು ಬಂದವು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿ ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆಗಳ ವೃತ್ತಿ ವಿಕಾಸವನ್ನು ನಿರೀಕ್ಷಿಸುತ್ತದೆ. 2021ರ ನಿಪುಣ್ ಭಾರತ್ ಯೋಜನೆಯು ಮೂರನೆಯ ತರಗತಿಯೊಳಗೆ ಎಲ್ಲ ಮಕ್ಕಳಿಗೂ ಬುನಾದಿ ಸಂಖ್ಯಾಜ್ಞಾನ ದೊರೆಯಬೇಕೆಂಬ ಗುರಿಯನ್ನು 2026-27ಕ್ಕೆ ಇಟ್ಟುಕೊಂಡಿದೆ.

ಇವೆಲ್ಲಕ್ಕಿಂತ ಕಡಿಮೆ ಸದ್ದು ಮಾಡುವ, ಆದರೆ ಈ ಲೇಖನದ ವಿಷಯಕ್ಕೆ ಹೆಚ್ಚು ಹತ್ತಿರವಾದ ವೇದಿಕೆಯೆಂದರೆ ಸಮೂಹ ಸಂಪನ್ಮೂಲ ಕೇಂದ್ರದ ಸಮಾಲೋಚನಾ ಸಭೆ. ಹತ್ತಾರು ಶಾಲೆಗಳ ಶಿಕ್ಷಕರು ಒಂದೆಡೆ ಸೇರುವ ದಿನ ಅದು. ಜಪಾನಿನಲ್ಲಿ ನೂರು ವರ್ಷಕ್ಕೂ ಮೇಲ್ಪಟ್ಟು ನಡೆದುಬಂದಿರುವ ಪಾಠ ಅಧ್ಯಯನ ಪದ್ಧತಿಯಲ್ಲಿ ಶಿಕ್ಷಕರು ಒಟ್ಟಾಗಿ ಒಂದು ಪಾಠ ಯೋಜಿಸಿ, ಒಬ್ಬರು ಬೋಧಿಸುವುದನ್ನು ಉಳಿದವರು ನೋಡಿ, ಮಕ್ಕಳು ಏನು ಹೇಳಿದರು ಎಂಬುದನ್ನು ಚರ್ಚಿಸುತ್ತಾರೆ. ಸಮಾಲೋಚನಾ ಸಭೆಯಲ್ಲಿ ಅದಕ್ಕೆ ಬೇಕಾದ ಎಲ್ಲವೂ ಇದೆ, ಕಾಲವೊಂದರ ಹೊರತು. ಸುತ್ತೋಲೆ, ಅಂಕಿಅಂಶ, ಬಿಸಿಯೂಟದ ಲೆಕ್ಕಗಳು ಮುಗಿದ ಮೇಲೆ ಉಳಿದ ಅರ್ಧ ಗಂಟೆಯಲ್ಲಿ ಯಾರಾದರೂ ತಮ್ಮ ತರಗತಿಯ ನಾಲ್ಕು ನೋಟ್‌ಪುಸ್ತಕಗಳನ್ನು ಮೇಜಿನ ಮೇಲಿಟ್ಟು "ಈ ಮಗು ಹೀಗೇಕೆ ಮಾಡಿದೆ?" ಎಂದು ಕೇಳಿದರೆ, ಆ ಸಭೆ ಹಲವು ದಿನಗಳ ತರಬೇತಿಗೆ ಸಮ.

ಟೀಕೆಗಳು

ಆರು ಭಾಗಗಳ ನಡುವಣ ಗೆರೆಗಳು ಅಸ್ಪಷ್ಟವೆಂಬುದು ವಿದ್ವಾಂಸರ ಟೀಕೆ. ಮೇಲಿನ 402ರ ಲೆಕ್ಕದಲ್ಲಿ ತಪ್ಪನ್ನು ಗುರುತಿಸುವುದು ಗಣಿತಜ್ಞಾನವೋ ಮಕ್ಕಳ ಕುರಿತ ಜ್ಞಾನವೋ ಎಂದು ಬೇರ್ಪಡಿಸುವುದು ಕಷ್ಟ. ಅಮೆರಿಕದಲ್ಲಿ ರೂಪುಗೊಂಡ ಮಾಪನಗಳು ಏಕಭಾಷಿಕ ತರಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡವು ಎಂಬ ಆಕ್ಷೇಪ ಪೀಣ್ಯದ ದೃಷ್ಟಿಯಿಂದ ಹೆಚ್ಚು ಗಂಭೀರ. ನಮ್ಮಲ್ಲಿ ಕಲಿಕೆಯ ಕುರಿತು ಪ್ರತಿ ಬಾರಿ ಚರ್ಚೆಗೆ ಬರುವ ಅಸರ್ ಸಮೀಕ್ಷೆಯೂ ಗ್ರಾಮೀಣ ಕುಟುಂಬಗಳದ್ದಾದ್ದರಿಂದ ನಗರದ ಅಂಚಿನ ಕಾರ್ಮಿಕ ಬಡಾವಣೆಗಳ ಮಕ್ಕಳು ಅದರಲ್ಲಿ ಕಾಣುವುದಿಲ್ಲ.

ಶಿಕ್ಷಕರ ಜ್ಞಾನವನ್ನು ಕುರಿತ ಮಾತು ಸುಲಭವಾಗಿ ಶಿಕ್ಷಕರ ಮೇಲಿನ ದೂರಾಗಿ ತಿರುಗುತ್ತದೆ ಎಂಬ ಎಚ್ಚರಿಕೆಯೂ ಇದೆ. ಶಿಕ್ಷಣ ಹಕ್ಕು ಕಾಯ್ದೆಯು ಒಂದರಿಂದ ಐದನೆಯ ತರಗತಿಯವರೆಗೆ 30 ಮಕ್ಕಳಿಗೆ ಒಬ್ಬ ಶಿಕ್ಷಕರನ್ನು ವಿಧಿಸುತ್ತದೆ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರಗಳ ಹೊರತು ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ನಿಯೋಜಿಸುವುದನ್ನು ನಿಷೇಧಿಸುತ್ತದೆ. ಹಲವು ತರಗತಿಗಳನ್ನು ಒಟ್ಟಿಗೆ ನಿಭಾಯಿಸುವ ಶಿಕ್ಷಕರಿಗೆ ಪ್ರತಿ ಮಗುವಿನ ತಪ್ಪಿನ ತರ್ಕವನ್ನು ಬಿಡಿಸಿ ನೋಡುವಷ್ಟು ಬಿಡುವಿರುವುದಿಲ್ಲ. ಕಲಾ ವಿಭಾಗದ ಪದವೀಧರರು ಗಣಿತ ಕಲಿಸುವುದನ್ನೇ ದೋಷವೆಂದು ಎಣಿಸುವವರೂ ಇದ್ದಾರೆ. ಬೆಗಲ್ ಮತ್ತು ಮಾ ಅವರ ಅಧ್ಯಯನಗಳು ಈ ಅಭಿಪ್ರಾಯವನ್ನು ಬೆಂಬಲಿಸುವುದಿಲ್ಲ. ಮಗು ತಡವರಿಸುವ ಸ್ಥಳದಲ್ಲಿ ತಾವೂ ಹಿಂದೆ ತಡವರಿಸಿದ್ದನ್ನು ನೆನಪಿಟ್ಟುಕೊಂಡ ಶಿಕ್ಷಕರು ಅಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಾರೆ. ಅವರಿಗೆ ಬೇಕಾದದ್ದು ಕಲನಶಾಸ್ತ್ರದ ಪತ್ರಿಕೆಗಿಂತ ಹೆಚ್ಚಾಗಿ ಸ್ಥಾನಬೆಲೆ, ಭಾಗಾಕಾರ ಮತ್ತು ಭಿನ್ನರಾಶಿಗಳನ್ನು ಮತ್ತೊಮ್ಮೆ, ಈ ಬಾರಿ ಏಕೆ ಎಂದು ಕೇಳುತ್ತಾ, ಓದುವ ಅವಕಾಶ. ಇಂದಿನ ಡಿ.ಎಲ್.ಎಡ್. ಪಠ್ಯಕ್ರಮದಲ್ಲಿ ಅದಕ್ಕೆ ಸ್ಥಳವಿದೆ. ಈಗಾಗಲೇ ಸೇವೆಯಲ್ಲಿರುವವರಿಗೆ, ಅದರಲ್ಲೂ ಖಾಸಗಿ ಶಾಲೆಗಳಲ್ಲಿರುವವರಿಗೆ, ಅದು ಬಹುಮಟ್ಟಿಗೆ ಅವರವರ ಆಸಕ್ತಿಗೆ ಬಿಟ್ಟ ವಿಷಯವಾಗಿಯೇ ಉಳಿದಿದೆ.